ನಿಟ್ಟುಸಿರಿನ ಸೇತುವೆ: ಕೇಂಬ್ರಿಜ್‌ನ ಮಾಡು ಹೊದ್ದ ಕಲ್ಲುಸೇತುವೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕೇಂಬ್ರಿಜ್ ನೋಡಲು ಬಂದ ನೆಂಟರು ದೋಣಿಯಲ್ಲಿ ಕೂತು ಕೇಳಿದ್ದು, ಊರಿಗೆ ಮರಳಿದ ಮೇಲೆ ಪತ್ರ ಬರೆದು ಕೇಳಿದ್ದು, ಸೇತುವೆಯ ಚಿತ್ರ ಹಾಕಿದಾಗಲೆಲ್ಲ ಅದರಡಿ ಬಂದು ಬಿದ್ದಿದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ನಿಮಗೆ ಬೇಕಾದದ್ದನ್ನಷ್ಟೇ ಓದಿಕೊಂಡರೂ ಅರ್ಥವಾಗುತ್ತದೆ.

ಮೊದಲ ಪರಿಚಯ

ಅಲ್ಲಾ, ಬ್ರಿಡ್ಜ್ ಆಫ್ ಸೈಸ್ ಇರೋದು ವೆನಿಸ್‌ನಲ್ಲಲ್ವಾ?

ಹೌದು, ಬ್ರಿಡ್ಜ್ ಆಫ್ ಸೈಸ್ ಅಂದರೆ ನಿಟ್ಟುಸಿರಿನ ಸೇತುವೆ, ಮೂಲದ್ದು ಅಲ್ಲಿಯದೇ. ಅದು 1600ರ ಸುಮಾರಿಗೆ ಕಟ್ಟಿದ್ದು. ನಾನು ಹೇಳುತ್ತಿರುವುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಸೇಂಟ್ ಜಾನ್ಸ್ ಕಾಲೇಜಿನೊಳಗೆ, ಕ್ಯಾಮ್ ನದಿಯ ಮೇಲೆ ಇರುವ ಸೇತುವೆ. 1831ರಲ್ಲಿ ಮುಗಿದದ್ದು. ಆಕ್ಸ್‌ಫರ್ಡ್‌ನಲ್ಲೂ ಇದೇ ಹೆಸರು ಹೊತ್ತ ಇನ್ನೊಂದು ಇದೆ. ಅದರ ಮಾತು ಕೆಳಗೆ ಬರುತ್ತದೆ. ಮೂರರ ಚಿತ್ರಗಳೂ ಕಲಸಿಹೋಗಿರುವುದರಿಂದ ಒಂದು ಸುಲಭದ ಗುರುತು ಹೇಳುತ್ತೇನೆ. ಕೆಳಗೆ ಕಾಲುವೆ ಇದ್ದು ಕಲ್ಲು ಬೆಳ್ಳಗಿದ್ದರೆ ವೆನಿಸ್, ಕೆಳಗೆ ರಸ್ತೆ ಇದ್ದು ಸೈಕಲ್ಲುಗಳು ಓಡಾಡುತ್ತಿದ್ದರೆ ಆಕ್ಸ್‌ಫರ್ಡ್, ಕೆಳಗೆ ಹೊಳೆಯೂ ಅದರಲ್ಲಿ ಗಳ ಹಿಡಿದು ನಿಂತ ಮನುಷ್ಯನೂ ಕಂಡರೆ ಕೇಂಬ್ರಿಜ್.

ಈ ಸೇತುವೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ?

ಕಾಲೇಜಿನ ಹಳೆಯ ಭಾಗದಿಂದ ಹೊಸ ಭಾಗಕ್ಕೆ. ಪೂರ್ವದಂಡೆಯಲ್ಲಿ ಥರ್ಡ್ ಕೋರ್ಟ್, ಪಶ್ಚಿಮದಂಡೆಯಲ್ಲಿ ನ್ಯೂ ಕೋರ್ಟ್. ಕೋರ್ಟ್ ಅಂದರೆ ಇಲ್ಲಿ ನ್ಯಾಯಾಲಯವಲ್ಲ. ನಮ್ಮ ತೊಟ್ಟಿ ಮನೆಯನ್ನು ನೆನೆಸಿಕೊಳ್ಳಿ: ಸುತ್ತ ಕಟ್ಟಡ, ನಡುವೆ ಆಕಾಶ ಕಾಣುವ ಅಂಗಳ. ಅಂಥ ತೊಟ್ಟಿಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತಾ ಕಾಲೇಜು ಬೆಳೆದಿದೆ. ರಸ್ತೆಯ ಬದಿಯ ಹೆಬ್ಬಾಗಿಲಿನಿಂದ ಒಳಗೆ ಬಂದರೆ ಫಸ್ಟ್ ಕೋರ್ಟ್, ದಾಟಿದರೆ ಸೆಕೆಂಡ್, ಅದನ್ನೂ ದಾಟಿದರೆ ಥರ್ಡ್. ಅಲ್ಲಿಗೆ ನೆಲ ಮುಗಿದು ಹೊಳೆ ಎದುರಾಗುತ್ತದೆ. ಮುಂದಿನ ತೊಟ್ಟಿಯನ್ನು ಆಚೆ ದಡದಲ್ಲಿ ಕಟ್ಟಿದಾಗ ಹೊಳೆಯ ಮೇಲೊಂದು ಪಡಸಾಲೆ ಬೇಕಾಯಿತು. ಈ ಸೇತುವೆ ಅಂದರೆ ಇಷ್ಟೇ, ನೀರಿನ ಮೇಲೆ ಹಾದುಹೋಗುವ ಪಡಸಾಲೆ.

ಕಾಲೇಜು ಎಷ್ಟು ಹಳೇದು?

1511ರದ್ದು. ಇಂಗ್ಲೆಂಡಿನ ದೊರೆ 7ನೇ ಹೆನ್ರಿಯ ತಾಯಿ ಲೇಡಿ ಮಾರ್ಗರೆಟ್ ಬೋಫರ್ಟ್ ಬಿಟ್ಟುಹೋದ ಆಸ್ತಿಯಲ್ಲಿ ಕಟ್ಟಿದ್ದು. ಆಕೆ ತೀರಿಕೊಂಡದ್ದು 1509ರಲ್ಲಿ. ಕೆಲಸ ನಡೆಸಿಕೊಟ್ಟವರು ಬಿಷಪ್ ಜಾನ್ ಫಿಶರ್. ಸೇತುವೆ ಬರುವ ಹೊತ್ತಿಗೆ ಕಾಲೇಜಿಗೆ 300 ವರ್ಷ ದಾಟಿತ್ತು.

ಪರೀಕ್ಷೆಗೆ ಹೋಗೋ ಹುಡುಗರು ಇಲ್ಲಿ ನಿಟ್ಟುಸಿರು ಬಿಡ್ತಾರೆ, ಅದಕ್ಕೇ ಈ ಹೆಸರಂತೆ. ನಿಜವೇ?

ದೋಣಿ ನಡೆಸುವ ಹುಡುಗರು ದಿನಕ್ಕೆ ಹತ್ತು ಸಲ ಹೇಳುವ ಕತೆ ಇದು. ಕೇಳಲು ಚೆನ್ನಾಗಿದೆ, ನಿಜವಲ್ಲ. ಹೆಸರು ವೆನಿಸ್‌ನಿಂದ ಎರವಲು ಬಂದದ್ದು. ಅಲ್ಲಿಯ ಸೇತುವೆ ಡೋಜ್‌ನ, ಅಂದರೆ ಆಗಿನ ವೆನಿಸ್ ಗಣರಾಜ್ಯದ ಮುಖ್ಯಸ್ಥನ, ಅರಮನೆಯ ವಿಚಾರಣೆಯ ಕೋಣೆಗಳನ್ನು ಹೊಸ ಸೆರೆಮನೆಗೆ ಜೋಡಿಸುತ್ತದೆ. ಕೈದಿ ಅದರ ಕಿಂಡಿಯಿಂದ ಕೊನೆಯ ಸಲ ಊರನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದನೆಂಬುದು ಅಲ್ಲಿಯ ಪ್ರತೀತಿ. ಇಂಗ್ಲಿಷರ ಬಾಯಲ್ಲಿ ಆ ಹೆಸರು ನೆಲೆಯಾದದ್ದು ಕವಿ ಬೈರನ್‌ನಿಂದ. 1818ರಲ್ಲಿ ಅಚ್ಚಾದ ಅವನ ಕವಿತೆಯ ಭಾಗವೊಂದು ಆ ಸೇತುವೆಯ ಮೇಲೆ ನಿಂತೇ ಶುರುವಾಗುತ್ತದೆ. ಅದಾಗಿ 13 ವರ್ಷಕ್ಕೆ ಕೇಂಬ್ರಿಜ್‌ನಲ್ಲಿ ಮಾಡಿನ ಸೇತುವೆ ಎದ್ದಿತು. ಆಗ ಹೆಸರು ಹುಡುಕಿಕೊಂಡು ಯಾರೂ ದೂರ ಹೋಗಬೇಕಿರಲಿಲ್ಲ.

ಬೈರನ್ ಓದಿದ್ದೂ ಕೇಂಬ್ರಿಜ್‌ನಲ್ಲೇ, ಪಕ್ಕದ ಟ್ರಿನಿಟಿ ಕಾಲೇಜಿನಲ್ಲಿ. ಅವನು ಪ್ರಸಿದ್ಧಗೊಳಿಸಿದ ಹೆಸರು ಗೋಡೆಯಾಚೆಯ ಕಾಲೇಜಿನ ಪಾಲಾಯಿತು. 1824ರಲ್ಲೇ ತೀರಿಕೊಂಡಿದ್ದರಿಂದ ಅವನಿಗೆ ಅದು ಗೊತ್ತಾಗಲಿಲ್ಲ.

ಕನ್ನಡದಲ್ಲಿ ಇದಕ್ಕೆ ಏನನ್ನೋಣ?

ನಾನು 'ನಿಟ್ಟುಸಿರಿನ ಸೇತುವೆ' ಅನ್ನುತ್ತೇನೆ. 'ಬಿಸುಸುಯ್ಲಿನ ಸೇತುವೆ' ಅಂದವರೊಬ್ಬರು ಇದ್ದಾರೆ. ಹಳಗನ್ನಡದ ಗತ್ತು ಇದೆ, ಆದರೆ ಬಿಸಿಯುಸಿರಿಗೆ ಈ ಊರಿನ ಚಳಿ ಒಗ್ಗುವುದಿಲ್ಲ. 'ನಿಡಿದು ಉಸಿರು' ಸೇರಿ ಆದದ್ದು ನಿಟ್ಟುಸಿರು, ಉದ್ದನೆಯ ಉಸಿರು. ದುಃಖಕ್ಕೂ ಬಿಡಬಹುದು, ನಿರಾಳವಾದಾಗಲೂ ಬಿಡಬಹುದು. ವೆನಿಸ್‌ನದಕ್ಕೆ ಮೊದಲಿನ ಅರ್ಥ ಹೊಂದುತ್ತದೆ. ಮಳೆಯಲ್ಲಿ ನೆನೆಯದೆ ಊಟಕ್ಕೆ ಹೋಗುವ ಕೇಂಬ್ರಿಜ್ ಹುಡುಗನಿಗೆ ಎರಡನೆಯದು.

ನೋಡಲು ಹೋಗುವವರಿಗೆ

ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದ್ದೀವಿ. ದೋಣಿ ಹತ್ತಲೇಬೇಕಾ, ನಡೆದೇ ನೋಡಬಹುದಾ?

ಎರಡೂ ಆಗುತ್ತದೆ. ಆದರೆ ಒಂದು ತಿಳಿದಿರಲಿ: ಸಾರ್ವಜನಿಕ ರಸ್ತೆಯಲ್ಲಿ ನಿಂತರೆ ಸೇತುವೆ ಕಾಣುವುದಿಲ್ಲ. ಅದಿರುವುದು ಕಾಲೇಜಿನ ಹೊಟ್ಟೆಯೊಳಗೆ. ಟಿಕೆಟ್ ಕೊಂಡು ಕಾಲೇಜಿನ ಒಳಗೆ ಹೋಗಬೇಕು, ಇಲ್ಲವೇ ನದಿಯಲ್ಲಿ ಬರಬೇಕು.

ಮಂಡಿ ನೋವಿನವರಿದ್ದರೆ ದೋಣಿಯೇ ಒಳ್ಳೆಯದೆಂದು ನನ್ನ ಅನುಭವ. ಹತ್ತುವಾಗ ಇಳಿಯುವಾಗ ಒಬ್ಬರು ಕೈ ಹಿಡಿದರೆ ಸಾಕು, ಆಮೇಲೆ ಕಾಲು ಚಾಚಿ ಕೂರುವುದಷ್ಟೇ ಕೆಲಸ. ಪಂಟ್ ಅನ್ನುವ ಈ ದೋಣಿಯ ತಳ ಚಪ್ಪಟೆ. ಹುಟ್ಟು ಹಾಕುವುದಿಲ್ಲ, ಹಿಂಬದಿಯ ಹಲಗೆಯ ಮೇಲೆ ನಿಂತವನು ಉದ್ದನೆಯ ಗಳವನ್ನು ಹೊಳೆಯ ತಳಕ್ಕೆ ಊರಿ ತಳ್ಳುತ್ತಾನೆ. ನೀವೇ ನಡೆಸುತ್ತೇವೆಂದು ಬಾಡಿಗೆಗೂ ತೆಗೆದುಕೊಳ್ಳಬಹುದು. ಗಳ ಕೆಸರಿನಲ್ಲಿ ಕಚ್ಚಿಕೊಂಡರೆ ಮಾತ್ರ ಗಳವನ್ನು ಬಿಟ್ಟುಬಿಡಿ, ದೋಣಿಯನ್ನಲ್ಲ. ಗಳ ತಬ್ಬಿಕೊಂಡು ನೀರಿನ ನಡುವೆ ಉಳಿದವರನ್ನು ನೋಡಿ ದಡದಲ್ಲಿ ನಗುವವರಿಗೆ ಬೇಸಿಗೆಯಲ್ಲಿ ಬರವಿಲ್ಲ.

ದೋಣಿಯಲ್ಲಿ ಹೋದ್ರೆ ಎಷ್ಟೊಂದು ಸೇತುವೆ ಬರುತ್ತೆ, ಯಾವುದು ಯಾವುದು ಅಂತ ಗೊತ್ತಾಗಲ್ಲ.

ಕ್ವೇಸೈಡ್ ಕಡೆಯಿಂದ, ಅಂದರೆ ಉತ್ತರದಿಂದ, ಹೊರಟರೆ ಬೆನ್ನ ಹಿಂದೆ ಇರುವುದು ಮ್ಯಾಗ್ಡಲೀನ್ ಸೇತುವೆ. ಬರೆಯುವುದು ಹಾಗೆ, ಊರವರು ಉಚ್ಚರಿಸುವುದು 'ಮಾಡ್ಲಿನ್'. ಅದು 1823ರ ಕಬ್ಬಿಣದ್ದು. ಮುಂದೆ ಮೊದಲು ಎದುರಾಗುವುದೇ ನಿಟ್ಟುಸಿರಿನ ಸೇತುವೆ. ಆಮೇಲೆ ಅದೇ ಕಾಲೇಜಿನ ಕಿಚನ್ ಬ್ರಿಡ್ಜ್, ಟ್ರಿನಿಟಿ ಸೇತುವೆ, ಗ್ಯಾರೆಟ್ ಹಾಸ್ಟೆಲ್ ಸೇತುವೆ, ಕ್ಲೇರ್ ಸೇತುವೆ, ಕಿಂಗ್ಸ್ ಸೇತುವೆ, ಕೊನೆಗೆ ಕ್ವೀನ್ಸ್ ಕಾಲೇಜಿನ ಮರದ ಸೇತುವೆ. ಇವುಗಳಲ್ಲಿ ಹಳೆಯದು ಕ್ಲೇರ್‌ನದು, 1640ರದ್ದು. ಮಾಡು ಇರುವುದು ನಮ್ಮ ಸೇತುವೆಗೆ ಮಾತ್ರ. ಹಾಗಾಗಿ ಹೆಸರು ಮರೆತರೂ ಗುರುತು ತಪ್ಪುವುದಿಲ್ಲ.

ನ್ಯೂಟನ್ ಮೊಳೆ ಹೊಡೀದೆ ಕಟ್ಟಿದ ಸೇತುವೆ ಇದೇನಾ?

ಅಲ್ಲ, ಅದು ಮೇಲೆ ಹೇಳಿದ ಕ್ವೀನ್ಸ್ ಕಾಲೇಜಿನ ಮರದ ಸೇತುವೆ, ಮ್ಯಾಥಮೆಟಿಕಲ್ ಬ್ರಿಡ್ಜ್. ಅದನ್ನೂ ನ್ಯೂಟನ್ ಕಟ್ಟಲಿಲ್ಲ. ನ್ಯೂಟನ್ ಸತ್ತದ್ದು 1727ರಲ್ಲಿ, ಆ ಸೇತುವೆ ಬಂದದ್ದು 1749ರಲ್ಲಿ. ನಕ್ಷೆ ವಿಲಿಯಂ ಎಥರಿಜ್‌ನದು, ಕಟ್ಟಿದವನು ಜೇಮ್ಸ್ ಎಸೆಕ್ಸ್. ಬೋಲ್ಟುಗಳೂ ಇವೆ, ಹತ್ತಿರ ಹೋದರೆ ಕಣ್ಣಿಗೇ ಕಾಣುತ್ತವೆ.

ಫೋಟೋ ತೆಗೆಯೋಕೆ ಯಾವ ಜಾಗ, ಯಾವ ಹೊತ್ತು ಚೆನ್ನ?

ಕಿಚನ್ ಬ್ರಿಡ್ಜ್ ಮೇಲೆ ನಿಂತು ಉತ್ತರಕ್ಕೆ ಮುಖ ಮಾಡಿ. ನೀವು ನೋಡಿರುವ ಬಹುಪಾಲು ಚಿತ್ರಗಳು ಅಲ್ಲಿಯವೇ. ಕಾರಣ ಸರಳ: ಇಂಗ್ಲೆಂಡಿನಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣದಲ್ಲಿರುತ್ತಾನೆ, ನೆತ್ತಿಗೆ ಬರುವುದೇ ಇಲ್ಲ. ಸೇತುವೆ ಪೂರ್ವ ಪಶ್ಚಿಮವಾಗಿ ಚಾಚಿದೆ. ಹಾಗಾಗಿ ಅದರ ದಕ್ಷಿಣದ ಮೈಗೆ ಬಿಸಿಲು ಬೀಳುತ್ತದೆ, ಉತ್ತರದ ಮೈ ನೆರಳಿನಲ್ಲೇ ಉಳಿಯುತ್ತದೆ. ದೋಣಿಯಲ್ಲಿ ಉತ್ತರದಿಂದ ಬರುವವರು ಮಂಕಾದ ಬದಿಯನ್ನು ಚಿತ್ರ ತೆಗೆದುಕೊಂಡು, ಸೇತುವೆಯಡಿ ನುಸುಳಿ ಆಚೆ ಹೋದ ಮೇಲೆ ಹಿಂದೆ ತಿರುಗುವುದನ್ನೇ ಮರೆಯುತ್ತಾರೆ. ತಿರುಗಿ ನೋಡಿ.

ತಿಂಗಳಿನ ಮಾತು ಬಂದರೆ, ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಪರೀಕ್ಷೆಯ ಕಾಲ. ಆಗ ಕೇಂಬ್ರಿಜ್‌ನ ಕಾಲೇಜುಗಳು ಹೊರಗಿನವರನ್ನು ಒಳಗೆ ಬಿಡದೆ ಇರಬಹುದು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ದೋಣಿಗೆ ಆ ತೊಂದರೆ ಇಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ವೇಗದ ರೈಲಿನಲ್ಲಿ ಸುಮಾರು 50 ನಿಮಿಷ, ಬೆಳಿಗ್ಗೆ ಹೋಗಿ ಸಂಜೆಗೆ ವಾಪಸಾಗಬಹುದು.

ಕಟ್ಟಡದ ಬಗ್ಗೆ

ಸೇತುವೆಗೆ ಮಾಡು ಯಾಕೆ ಬೇಕಾಯ್ತು? ಮಳೆಗಾ?

ಮಳೆಯೂ ಒಂದು ಕಾರಣ ಅನ್ನಿ, ಆದರೆ ದೊಡ್ಡ ಕಾರಣ ಬೀಗ. ಆ ಕಾಲದ ಕಾಲೇಜು ರಾತ್ರಿಯಾಗುತ್ತಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಹೊತ್ತು ಮೀರಿ ಬಂದವನು ದ್ವಾರಪಾಲಕನಿಗೆ ಲೆಕ್ಕ ಒಪ್ಪಿಸಬೇಕು. ಕಾಲೇಜು ಹೊಳೆಯ ಎರಡೂ ಬದಿಗೆ ಹರಡಿದಾಗ, ಬಾಗಿಲು ಹಾಕಿದ ಮೇಲೂ ಹುಡುಗರು ಈ ಭಾಗದಿಂದ ಆ ಭಾಗಕ್ಕೆ ಓಡಾಡುವಂತಿರಬೇಕು, ಆದರೆ ಹೊರಗಿನಿಂದ ಯಾರೂ ನುಸುಳಬಾರದು, ಒಳಗಿನಿಂದ ಜಾರಬಾರದು. ತೆರೆದ ಸೇತುವೆಯಾದರೆ ಕೋಟೆಗೆ ಕಿಂಡಿ ಕೊರೆದ ಹಾಗೆ. ಮುಚ್ಚಿದ ಪಡಸಾಲೆಯಾದರೆ ಅದೂ ಕಾಲೇಜಿನ ಇನ್ನೊಂದು ಕೋಣೆ.

ಕಿಟಕಿಗೆ ಕಂಬಿ ಹಾಕಿದ್ದಾರಲ್ಲ, ಒಳ್ಳೆ ಜೈಲಿನ ಥರ!

ಅದೂ ಇದೇ ಕತೆಯ ಮುಂದುವರಿಕೆ. ದೋಣಿಯಲ್ಲಿ ಸೇತುವೆಯಡಿ ಬಂದು ಕಿಟಕಿಯಿಂದ ಹತ್ತುವ, ಇಲ್ಲವೇ ಕಿಟಕಿಯಿಂದ ದೋಣಿಗೆ ಇಳಿಯುವ ಹುಡುಗರನ್ನು ತಡೆಯಲಿಕ್ಕೆ ಆ ಕಂಬಿ ಎನ್ನುತ್ತಾರೆ. ರಾತ್ರಿ ಕಟ್ಟಡ ಹತ್ತುವುದು ಕೇಂಬ್ರಿಜ್ ವಿದ್ಯಾರ್ಥಿಗಳ ಹಳೆಯ ಚಟ, ಆದ್ದರಿಂದ ಆ ಭಯ ಸುಳ್ಳಲ್ಲ. ತಮಾಷೆಯೆಂದರೆ ಹೆಸರೊಂದನ್ನು ಬಿಟ್ಟು ಸೆರೆಮನೆಯ ನೆಂಟಸ್ತಿಕೆ ಈ ಸೇತುವೆಗೆ ಇರುವುದು ಈ ಕಂಬಿಗಳಿಂದ ಮಾತ್ರ.

ವೆನಿಸ್‌ದನ್ನೇ ನೋಡಿ ಕಾಪಿ ಹೊಡೆದಿದ್ದಾರಾ?

ಇಲ್ಲ. ಎರಡಕ್ಕೂ ಮಾಡಿದೆ, ಕೆಳಗೆ ಕಮಾನಿದೆ, ನೀರಿದೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ವೆನಿಸ್‌ನದು ಆಂತೋನಿಯೋ ಕೊಂತಿನೋ ಬರೆದ ನಕ್ಷೆ. ಇಸ್ಟ್ರಿಯಾದ ಬಿಳಿ ಸುಣ್ಣಕಲ್ಲು. ಕಿರಿದಾದ ಕಾಲುವೆಯ ಮೇಲೆ, ಎರಡು ಎತ್ತರದ ಗೋಡೆಗಳ ನಡುವೆ ತೂಗುಹಾಕಿದ ಪೆಟ್ಟಿಗೆಯಂತೆ ಕಾಣುತ್ತದೆ. ಕಿಂಡಿಗಳು ಚಿಕ್ಕವು, ಅವಕ್ಕೂ ಕಲ್ಲಿನದೇ ಜಾಲರಿ. ಒಳಗೆ ನಡುವೆ ಗೋಡೆ ಎಬ್ಬಿಸಿ ಎರಡು ದಾರಿ ಮಾಡಿದ್ದಾರೆ. ಒಟ್ಟಿನಲ್ಲಿ ಅದು ಮುಚ್ಚಿಡಲು ಕಟ್ಟಿದ ಸೇತುವೆ.

ಕೇಂಬ್ರಿಜ್‌ನದು ಅಗಲವಾದ, ತುಸು ಚಪ್ಪಟೆ ಅನ್ನಿಸುವ ಒಂದೇ ಕಮಾನು. ಅದರ ಮೇಲೆ ಸಾಲು ಕಿಟಕಿ, ಒಂದೊಂದರ ತಲೆಯಲ್ಲೂ ಗಾಥಿಕ್ ಎಂಬ, ಮಧ್ಯಯುಗದ ಚರ್ಚುಗಳ ಶೈಲಿಯ ಕಲ್ಲಿನ ಕುಸುರಿ. ಮೇಲಂಚಿಗೆ ಕೋಟೆಯ ತೆನೆಗಳ ಹಾಗೆ ಹಲ್ಲುಹಲ್ಲಾದ ಕಟ್ಟೆ. ಬೆಳಕು ಎರಡೂ ಕಡೆಯಿಂದ ಒಳಗೆ ಬರುತ್ತದೆ. ಇಬ್ಬರ ಮುಖ ನೋಡಿದರೆ ಅಣ್ಣತಮ್ಮ ಅನ್ನಲಾಗದು. ನನ್ನನ್ನು ಕೇಳಿದರೆ ಆ ಹೆಸರು ಈ ಸೇತುವೆಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ. ಬಂದವರೆಲ್ಲ ವೆನಿಸ್ ಹುಡುಕುತ್ತಾರೆ, ಎದುರಿಗಿರುವುದನ್ನು ನೋಡುವುದಿಲ್ಲ.

ಒಂದು ಬದಿ ಇಟ್ಟಿಗೆ, ಇನ್ನೊಂದು ಬದಿ ಬಿಳಿ ಕಲ್ಲು. ಯಾಕೆ ಹೀಗೆ?

ಎರಡರ ನಡುವೆ ಸುಮಾರು 160 ವರ್ಷದ ಅಂತರವಿದೆ, ಅದಕ್ಕೆ. ಪೂರ್ವದ ಥರ್ಡ್ ಕೋರ್ಟ್ ಕಟ್ಟಿದ್ದು 1669ರಿಂದ 1672ರಲ್ಲಿ, ಕೆಂಪು ಇಟ್ಟಿಗೆಯಲ್ಲಿ. ಪಶ್ಚಿಮದ ನ್ಯೂ ಕೋರ್ಟ್ 1826ರಿಂದ 1831ರದ್ದು. ವಿದ್ಯಾರ್ಥಿಗಳ ಸಂಖ್ಯೆ ಏರುತ್ತಾ ಹೋಗಿ ಹಳೆಯ ಅಂಗಳಗಳು ಸಾಲದಾದಾಗ ಕಟ್ಟಿದ್ದು. ಹೊಳೆಯಾಚೆ ಇಷ್ಟು ದೊಡ್ಡದಾಗಿ ಕಟ್ಟುವ ಧೈರ್ಯ ಮಾಡಿದ ಮೊದಲ ಕಾಲೇಜು ಇದೇ. ಮೂರು ಕಡೆ ಎತ್ತರದ ಕಟ್ಟಡ, ನಾಲ್ಕನೆಯ ಕಡೆ ಕಮಾನಿನ ಸಾಲು, ನಡುವೆ ಶಿಖರದಂಥ ಗೋಪುರ. ಮೇಲಿನ ಅಲಂಕಾರ ನೋಡಿ ವಿದ್ಯಾರ್ಥಿಗಳು ಇದನ್ನು 'ಮದುವೆ ಕೇಕು' ಅನ್ನುತ್ತಾರೆ. ಸೇತುವೆ ಈ ಮದುವೆ ಕೇಕಿನ ಕಡೆಯ ಶೈಲಿಯಲ್ಲಿದ್ದು, ಇಟ್ಟಿಗೆಯ ಹಳೆಯ ಗೋಡೆಗೆ ಹೋಗಿ ಕಚ್ಚಿಕೊಳ್ಳುತ್ತದೆ. ಆ ಕೂಡುವ ಜಾಗವನ್ನು ಕಿಚನ್ ಬ್ರಿಡ್ಜ್‌ನಿಂದ ಬಲಕ್ಕೆ ದಿಟ್ಟಿಸಿ ನೋಡಿ.

ಒಂದೇ ಕಾಲೇಜಿಗೆ, ಕೂಗಳತೆಯಲ್ಲಿ ಎರಡು ಸೇತುವೆ ಯಾಕಪ್ಪಾ?

ಮೊದಲಿನದು ಕಿಚನ್ ಬ್ರಿಡ್ಜ್. ರೆನ್ ಸೇತುವೆ ಎಂದೂ ಅನ್ನುತ್ತಾರೆ. ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಕ್ರಿಸ್ಟಫರ್ ರೆನ್ ಕೊಟ್ಟ ಸಲಹೆಯ ಜಾಡು ಹಿಡಿದು ರಾಬರ್ಟ್ ಗ್ರಂಬೋಲ್ಡ್ ಎಂಬ ಕಲ್ಲುಕುಟಿಗ 1709ರಿಂದ 1712ರಲ್ಲಿ ಕಟ್ಟಿದ್ದು. ಆಗ ಆಚೆ ದಡದಲ್ಲಿ ಕಾಲೇಜಿನ ಕಟ್ಟಡವಿರಲಿಲ್ಲ. ಆ ಕಡೆಯ ಹುಲ್ಲುಗಾವಲಿಗೆ, ತೋಟಕ್ಕೆ ದಾಟಲು ತೆರೆದ ಸೇತುವೆ ಸಾಕಾಗಿತ್ತು. ನೂರಾಹತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಹುಡುಗರು ಆಚೆ ದಡದಲ್ಲಿ ಮಲಗಲು ಶುರುಮಾಡಿದಾಗ ಬೀಗದ ಲೆಕ್ಕ ಬಂತು.

ನೀರಿನ ಕಡೆ ಗೋಡೆ ಮೇಲೆ ಐ ಎಲ್ ಸಿ ಎಸ್ 1624 ಅಂತ ಇದೆ. ಸೇತುವೆ ಕಟ್ಟಿದ ವರ್ಷವಾ?

ಒಳ್ಳೆಯ ಕಣ್ಣು ನಿಮ್ಮದು, ಬಹಳ ಜನ ಗಮನಿಸುವುದೇ ಇಲ್ಲ. ಆದರೆ ಅದು ಸೇತುವೆಯದಲ್ಲ, ಪಕ್ಕದ ಹಳೆಯ ಗ್ರಂಥಾಲಯದ್ದು. ಹೊಳೆಗೆ ಮುಖ ಮಾಡಿದ ಅದರ ಪಶ್ಚಿಮದ ಗೋಡೆಯ ನೆತ್ತಿಯಲ್ಲಿ ಈ ಅಕ್ಷರಗಳಿವೆ. ಬಿಡಿಸಿದರೆ ಲ್ಯಾಟಿನ್: ಇಯೊಹಾನ್ನೆಸ್ ಲಿಂಕೋಲ್ನಿಯೆನ್ಸಿಸ್ ಕುಸ್ತೋಸ್ ಸಿಗಿಲ್ಲಿ. ಲಿಂಕನ್ನಿನ ಜಾನ್, ರಾಜಮುದ್ರೆಯ ಪಾಲಕ, ಎಂದು ಅರ್ಥ. ಗ್ರಂಥಾಲಯಕ್ಕೆ ಹಣ ಕೊಟ್ಟ ಬಿಷಪ್ ಜಾನ್ ವಿಲಿಯಮ್ಸ್ ತನ್ನ ಹೆಸರನ್ನು, ಪೀಠವನ್ನು, ಹುದ್ದೆಯನ್ನು ನಾಲ್ಕಕ್ಷರದಲ್ಲಿ ಕೆತ್ತಿಸಿಕೊಂಡ. ಫಲಕ ಹಾಕಿಸಿಕೊಳ್ಳುವ ಆಸೆ ಯಾವ ಕಾಲಕ್ಕೂ ಹೊಸದಲ್ಲ, ಆದರೆ ಇಷ್ಟು ಮಿತವಾಗಿ ಹಾಕಿಸಿಕೊಂಡವರು ಕಡಿಮೆ.

ಕತೆ, ದಂತಕತೆ, ತರಲೆ

ಸೇತುವೆಗೆ ಕಾರು ನೇತುಹಾಕಿದ್ರಂತೆ! ಕಟ್ಟುಕತೆ ತಾನೆ?

ನಿಜವಾಗಿ ನಡೆದದ್ದು, ಅದೂ ಎರಡು ಸಲ.

ಮೊದಲನೆಯದು 1963ರಲ್ಲಿ. 1928ರ ಮಾದರಿಯ ಹಳೆಯ ಆಸ್ಟಿನ್ ಸೆವೆನ್ ಕಾರು. ನಾಲ್ಕು ಪಂಟ್‌ಗಳನ್ನು ಒಂದಕ್ಕೊಂದು ಬಿಗಿದು ತೆಪ್ಪ ಮಾಡಿ, ಕಾರನ್ನು ಅದರ ಮೇಲೇರಿಸಿ, ಹೊಳೆಯಲ್ಲಿ ತೇಲಿಸಿಕೊಂಡು ಸೇತುವೆಯಡಿಗೆ ತಂದರು. ಅಲ್ಲಿಂದ ಹಗ್ಗ ಹಾಕಿ ಮೇಲಕ್ಕೆಳೆದು ಕಮಾನಿನ ಕೆಳಗೆ ತೂಗುಬಿಟ್ಟರು. ಎರಡನೆಯದು 1968ರಲ್ಲಿ, ಮೂರು ಗಾಲಿಯ ರಿಲಯಂಟ್ ರೀಗಲ್. ಎರಡು ಸಲವೂ ಸೇತುವೆಗೆ ಏನೂ ಆಗಲಿಲ್ಲ.

ಆಸ್ಟಿನ್ ಸೆವೆನ್‌ನ ಮೇಲೇ ಯಾಕೆ ಕಣ್ಣು? ಹಗುರವಾದ ಕಾರು, ಹಳೆಯದು ಅಗ್ಗಕ್ಕೆ ಸಿಗುತ್ತಿತ್ತು. ಅದಕ್ಕೂ ಮೊದಲು, 1958ರ ಜೂನ್‌ನಲ್ಲಿ, ಇನ್ನೊಂದು ಕಾಲೇಜಿನ ಎಂಜಿನಿಯರಿಂಗ್ ಹುಡುಗರು ಆಸ್ಟಿನ್ ಸೆವೆನ್ ವ್ಯಾನೊಂದನ್ನು ವಿಶ್ವವಿದ್ಯಾಲಯದ ಸೆನೆಟ್ ಹೌಸ್‌ನ ಮಾಡಿನ ಮೇಲೆ ರಾತ್ರೋರಾತ್ರಿ ನಿಲ್ಲಿಸಿದ್ದರು. ಅದನ್ನು ಕೆಳಗಿಳಿಸಲು ದೊಡ್ಡವರಿಗೆ ದಿನಗಟ್ಟಲೆ ಹಿಡಿಯಿತು. ಮಾಡಿನ ಮೇಲೆ ಆಗಿಹೋಗಿತ್ತು, ಇನ್ನು ಉಳಿದದ್ದು ನೀರಿನ ಮೇಲೆ.

ವಿಕ್ಟೋರಿಯಾ ರಾಣಿಗೆ ಇದು ಅಚ್ಚುಮೆಚ್ಚಾಗಿತ್ತಂತೆ?

ಊರಿನಲ್ಲೇ ಅವಳಿಗೆ ಹೆಚ್ಚು ಇಷ್ಟವಾದ ಜಾಗ ಇದೇ ಆಗಿತ್ತೆಂದು ಹೇಳುತ್ತಾರೆ. ಹೇಳುತ್ತಾರೆ ಅನ್ನುವುದಕ್ಕೆ ಅಡಿಗೆರೆ ಎಳೆದುಕೊಳ್ಳಿ.

ಆಕ್ಸ್‌ಫರ್ಡ್‌ನವರು ತಮ್ಮದೇ ನಿಜವಾದ್ದು ಅಂತಾರಲ್ಲ?

ಆಕ್ಸ್‌ಫರ್ಡ್‌ನ ಹರ್ಟ್‌ಫರ್ಡ್ ಕಾಲೇಜಿನ ಎರಡು ಭಾಗಗಳನ್ನು ನ್ಯೂ ಕಾಲೇಜ್ ಲೇನ್ ಎಂಬ ಬೀದಿಯ ಮೇಲೆ ಜೋಡಿಸುವ ಮಾಡಿನ ಸೇತುವೆ ಅದು. ಥಾಮಸ್ ಜಾಕ್ಸನ್ ನಕ್ಷೆ, 1914ರಲ್ಲಿ ಮುಗಿದದ್ದು. ಕೇಂಬ್ರಿಜ್‌ನದಕ್ಕಿಂತ 83 ವರ್ಷ ಚಿಕ್ಕದು. ನೋಡಲು ಅದೂ ವೆನಿಸ್‌ನ ನಿಟ್ಟುಸಿರಿನ ಸೇತುವೆಯನ್ನು ಹೋಲುವುದಿಲ್ಲ. ಹೋಲಿಸಲೇಬೇಕೆಂದರೆ ಅಲ್ಲಿಯದೇ ರಿಯಾಲ್ಟೋ ಸೇತುವೆಗೆ ಹತ್ತಿರ.

ಅದಕ್ಕೂ ಒಂದು ಕತೆ ಅಂಟಿಕೊಂಡಿದೆ. ಹರ್ಟ್‌ಫರ್ಡ್ ಹುಡುಗರು ಎಲ್ಲರಿಗಿಂತ ದಪ್ಪವಾಗಿದ್ದರಂತೆ, ಮೆಟ್ಟಿಲು ಹತ್ತಿ ಕರಗಲಿ ಎಂದು ಕಾಲೇಜು ಸೇತುವೆಯನ್ನೇ ಮುಚ್ಚಿತಂತೆ. ಸುಳ್ಳು. ಅಷ್ಟೇ ಅಲ್ಲ, ತಲೆಕೆಳಗು: ಸೇತುವೆಯ ದಾರಿಯಲ್ಲಿ ಹೋದರೇ ಹೆಚ್ಚು ಮೆಟ್ಟಿಲು ಹತ್ತಬೇಕು.

ವರ್ಡ್ಸ್‌ವರ್ತ್ ಇದೇ ಕಾಲೇಜಂತೆ. ಈ ಸೇತುವೆ ಮೇಲೆ ಓಡಾಡಿದ್ದಾನಾ?

ವಿದ್ಯಾರ್ಥಿಯಾಗಿ ಓಡಾಡಿಲ್ಲ. ಅವನು ಸೇಂಟ್ ಜಾನ್ಸ್ ಸೇರಿದ್ದು 1787ರಲ್ಲಿ, ಬಿಟ್ಟದ್ದು 1791ರಲ್ಲಿ. ಸೇತುವೆ ಬರಲು ಇನ್ನೂ 40 ವರ್ಷವಿತ್ತು. ಅಡುಗೆಮನೆಯ ಮೇಲಿನ ಕೋಣೆಯಲ್ಲಿ ಇದ್ದನೆಂದು ಅವನೇ ಬರೆದುಕೊಂಡಿದ್ದಾನೆ. ಅವನ ಕಾಲದಲ್ಲಿ ಕಾಲೇಜಿನೊಳಗೆ ಹೊಳೆ ದಾಟಲು ಇದ್ದದ್ದು ಕಿಚನ್ ಬ್ರಿಡ್ಜ್.

ನಮ್ಮವರು ಯಾರಾದ್ರೂ ಇಲ್ಲಿ ಓದಿದ್ದಾರಾ?

ಮನಮೋಹನ್ ಸಿಂಗ್ ಈ ಕಾಲೇಜಿನವರೇ. 1957ರಲ್ಲಿ ಅರ್ಥಶಾಸ್ತ್ರದಲ್ಲಿ ಪ್ರಥಮ ದರ್ಜೆ. ಅವರಿಗಿಂತ ಎಷ್ಟೋ ಮೊದಲು ಪುಣೆಯ ಆರ್.ಪಿ. ಪರಾಂಜಪೆ ಇಲ್ಲಿಂದಲೇ 1899ರಲ್ಲಿ ಸೀನಿಯರ್ ರ‍್ಯಾಂಗ್ಲರ್ ಆದರು. ಗಣಿತದ ಪರೀಕ್ಷೆಯಲ್ಲಿ ಮೊದಲಿಗನಿಗೆ ಕೊಡುವ ಹೆಸರದು, ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರು. ಭೌತವಿಜ್ಞಾನದ ಪಾಲ್ ಡಿರಾಕ್ 1923ರಲ್ಲಿ ಸಂಶೋಧನೆಗೆ ಬಂದು ಸೇರಿದ್ದೂ, ಪಾಕಿಸ್ತಾನದ ಅಬ್ದುಸ್ ಸಲಾಂ ಓದಿದ್ದೂ ಇಲ್ಲೇ.

ಕನ್ನಡಿಗರು ಅಂದರೆ ಡಿ.ಸಿ. ಪಾವಟೆಯವರ ಹೆಸರು ಹೇಳಬೇಕು. ಗಣಿತದ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದು ರ‍್ಯಾಂಗ್ಲರ್ ಆದವರು, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಬೆಳೆಸಿದ ಕುಲಪತಿ. ಅವರ ಕಾಲೇಜು ಸೇಂಟ್ ಜಾನ್ಸ್ ಅಲ್ಲ, ಸಿಡ್ನಿ ಸಸೆಕ್ಸ್. ಇಲ್ಲಿಂದ ನಾಲ್ಕು ಹೆಜ್ಜೆ. ಕರ್ನಾಟಕದವರಿಗೆ ಅವರ ಹೆಸರಿನ ಫೆಲೋಶಿಪ್ ಆ ಕಾಲೇಜಿನಲ್ಲಿದೆ. ಸೇತುವೆ ನೋಡಲು ಬಂದ ಧಾರವಾಡದವರನ್ನು ನಾನು ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ. ಹೆಬ್ಬಾಗಿಲ ಮುಂದೆ ನಿಂತು ಸೇತುವೆಗಿಂತ ಹೆಚ್ಚು ಹೊತ್ತು ನೋಡುವವರೂ ಇದ್ದಾರೆ.

ಇನ್ನೂ ಆಳಕ್ಕೆ

ಊರಿನ ಹೆಸರು ನದಿಯಿಂದ ಬಂತಾ, ಸೇತುವೆಯಿಂದ ಬಂತಾ?

ಸೇತುವೆಯಿಂದ, ಆದರೆ ಈ ಸೇತುವೆಯಿಂದಲ್ಲ. ನದಿಯ ಹಳೆಯ ಹೆಸರು ಗ್ರಾಂಟಾ. ಅದರ ಮೇಲಿನ ಸೇತುವೆಯಿಂದಾಗಿ ಊರು 'ಗ್ರಾಂಟಾ ಸೇತುವೆ' ಎಂಬರ್ಥದ ಹೆಸರು ಪಡೆಯಿತು. ಶತಮಾನಗಳ ಕಾಲ ಬಾಯಿಂದ ಬಾಯಿಗೆ ಸವೆದು ಅದು ಕೇಂಬ್ರಿಜ್ ಆಯಿತು. ಹೆಸರಿನ ಕೊನೆಗೆ 'ಬ್ರಿಜ್' ಇದೆಯಲ್ಲ, ಹಾಗಾದರೆ ಮೊದಲಿನ ಭಾಗ ನದಿಯದೇ ಇರಬೇಕೆಂದು ಜನ ನದಿಯನ್ನು ಕ್ಯಾಮ್ ಎಂದು ಕರೆಯತೊಡಗಿದರು. ಮಗನಿಂದ ಅಪ್ಪನಿಗೆ ಹೆಸರು ಬಂದ ಹಾಗೆ. ಊರಿನಿಂದ ಮೇಲಕ್ಕೆ ಹೋದರೆ ಇವತ್ತಿಗೂ ಗ್ರಾಂಟಾ ಹೆಸರು ಬಳಕೆಯಲ್ಲಿದೆ.

ಇಷ್ಟು ಚಪ್ಪಟೆ ಕಮಾನು ಮೇಲಿನ ಗೋಡೆ, ಮಾಡು ಎಲ್ಲಾ ಹೊತ್ತು ಹೇಗೆ ನಿಂತಿದೆ?

ಕಮಾನಿನ ಕಲ್ಲುಗಳು ಬೆಣೆಯ ಆಕಾರದವು. ಮೇಲಿನ ಭಾರ ಅವನ್ನು ಒಂದಕ್ಕೊಂದು ಒತ್ತುತ್ತದೆ, ಬೇರ್ಪಡಿಸುವುದಿಲ್ಲ. ಕಲ್ಲಿಗೆ ಒತ್ತಡ ತಡೆಯುವುದು ನೀರು ಕುಡಿದಷ್ಟು ಸುಲಭ, ಎಳೆತ ತಡೆಯುವುದು ಬಲು ಕಷ್ಟ. ಕಮಾನಿನ ಗುಟ್ಟು ಅಷ್ಟೇ, ಎಳೆತಕ್ಕೆ ಅವಕಾಶ ಕೊಡದಿರುವುದು. ಆದರೆ ಕಮಾನು ಚಪ್ಪಟೆಯಾದಷ್ಟೂ ಭಾರ ಕೆಳಕ್ಕಿಳಿಯುವ ಬದಲು ಪಕ್ಕಕ್ಕೆ ತಳ್ಳುತ್ತದೆ. ಎರಡೂ ತುದಿಯ ಆಸರೆ ಅದನ್ನು ತಡೆದು ನಿಲ್ಲಬೇಕು. ಅರ್ಧವೃತ್ತದ ಕಮಾನು ಮಾಡಿದ್ದರೆ ಈ ತಳ್ಳಾಟ ಕಡಿಮೆಯಾಗುತ್ತಿತ್ತು, ಆದರೆ ಸೇತುವೆಯ ನೆಲ ಗೂನುಬೆನ್ನಿನಂತೆ ಮೇಲೇಳುತ್ತಿತ್ತು. ಪಡಸಾಲೆಗೆ ಗೂನು ಹೊಂದುವುದಿಲ್ಲ.

ಮೇಲಿನ ಗೋಡೆ ಮತ್ತು ಮಾಡು ಬರೀ ಹೊರೆಯಲ್ಲ ಎನ್ನುವುದನ್ನೂ ಗಮನಿಸಿ. ಕಲ್ಲಿನ ಕಮಾನಿಗೆ ಸಮನಾಗಿ ಹರಡಿದ ಭಾರ ಬಿದ್ದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಅದಕ್ಕೆ ಅಪಾಯ ಒಂದೇ ಕಡೆ ಬೀಳುವ ಭಾರದಿಂದ, ಇಲ್ಲವೇ ಆಸರೆ ಜರುಗುವುದರಿಂದ. ಜನ ಓಡಾಡುವ ಭಾರ ಈ ಕಲ್ಲಿನ ಮುಂದೆ ಲೆಕ್ಕಕ್ಕೇ ಇಲ್ಲ.

1831ರಲ್ಲಿ ಗಾಥಿಕ್ ಎಲ್ಲಿಂದ ಬಂತು? ಅದು ಮಧ್ಯಯುಗದ್ದಲ್ವಾ?

ಗಾಥಿಕ್ ಆಗ ಮರಳಿ ಬರುತ್ತಿತ್ತು. ಹತ್ತಿರದ ಕಿಂಗ್ಸ್ ಕಾಲೇಜಿನಲ್ಲೂ ವಿಲಿಯಂ ವಿಲ್ಕಿನ್ಸ್ 1820ರ ದಶಕದಲ್ಲಿ ಗಾಥಿಕ್ ಕಟ್ಟುತ್ತಿದ್ದ. ಲಂಡನ್ನಿನ ಸಂಸತ್ ಭವನ ಸುಟ್ಟು, ಗಾಥಿಕ್ ಶೈಲಿಯಲ್ಲೇ ಮತ್ತೆ ಕಟ್ಟಲು ತೀರ್ಮಾನವಾದದ್ದು ಇದಕ್ಕೂ ಈಚೆಗೆ, 1834ರ ಬೆಂಕಿಯ ನಂತರ.

ನ್ಯೂ ಕೋರ್ಟ್‌ನ ಹಿರಿಯ ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್‌ನ ಕತೆ ಸ್ವಾರಸ್ಯವಾದದ್ದು. ಕ್ವೇಕರ್ ಪಂಥದ ಮನೆಯಲ್ಲಿ ಹುಟ್ಟಿದವನು. ಅವರ ಪ್ರಾರ್ಥನೆಯ ಮನೆಗಳಲ್ಲಿ ಅಲಂಕಾರಕ್ಕೆ ಎಡೆಯೇ ಇಲ್ಲ. ಲಿವರ್‌ಪೂಲ್‌ನಲ್ಲಿ ಗುಮಾಸ್ತಿಕೆ ಮಾಡಿಕೊಂಡಿದ್ದು, ಬಿಡುವಿನಲ್ಲಿ ಹಳೆಯ ಚರ್ಚುಗಳನ್ನು ಸುತ್ತಿ, ಕಿಟಕಿ, ಕಮಾನುಗಳ ಚಿತ್ರ ಬರೆದು, ತಾನೇ ತಾನಾಗಿ ಕಲಿತ. ಇಂಗ್ಲೆಂಡಿನ ಹಳೆಯ ಕಟ್ಟಡಗಳನ್ನು ನಾರ್ಮನ್, ಅರ್ಲಿ ಇಂಗ್ಲಿಷ್, ಡೆಕೊರೇಟೆಡ್, ಪರ್ಪೆಂಡಿಕ್ಯುಲರ್ ಎಂದು ವಿಂಗಡಿಸಿ 1817ರಲ್ಲಿ ಪುಸ್ತಕ ತಂದ. ಇವತ್ತಿಗೂ ಮಾರ್ಗದರ್ಶಕರ ಬಾಯಲ್ಲಿ ಬರುವುದು ಅವೇ ಪದಗಳು. ಬಸದಿ, ಗುಡಿ ನೋಡಿದಾಗ ನಾವು ಹೊಯ್ಸಳ, ಚಾಲುಕ್ಯ ಎಂದು ಗುರುತಿಸುತ್ತೇವಲ್ಲ, ಹಾಗೆ.

ಗ್ರೇಡ್ ಒಂದು ಅಂತ ಬರೆದಿರ್ತಾರೆ. ಹಾಗಂದ್ರೆ?

ಕಾನೂನಿನ ರಕ್ಷಣೆಯ ಮೇಲ್ಮಟ್ಟ ಅದು. ಇಂಗ್ಲೆಂಡಿನಲ್ಲಿ ರಕ್ಷಿತ ಪಟ್ಟಿಗೆ ಸೇರಿದ ಕಟ್ಟಡಗಳಲ್ಲಿ ಗ್ರೇಡ್ 1 ಸಿಕ್ಕಿರುವುದು ಶೇಕಡಾ 2.5ರಷ್ಟಕ್ಕೆ ಮಾತ್ರ. ಅದರ ಸ್ವರೂಪ ಬದಲಾಗುವಂಥ ಯಾವ ಕೆಲಸಕ್ಕೂ ಮೊದಲು ವಿಶೇಷ ಅನುಮತಿ ಬೇಕು. ಆಕ್ಸ್‌ಫರ್ಡ್‌ನದಕ್ಕೆ ಇರುವುದು ಗ್ರೇಡ್ 2.

ಸೇತುವೆಯ ನಕ್ಷೆ ಬರೆದವರು ಯಾರು? ಎಲ್ಲರೂ ರಿಕ್‌ಮನ್, ರೆನ್ ಅಂತಲೇ ಹೇಳ್ತಾರೆ.

ಹೆನ್ರಿ ಹಚಿನ್ಸನ್. ರಿಕ್‌ಮನ್ ಬಳಿ ಕಲಿಯಲು ಬಂದವನು, 1821ರ ಡಿಸೆಂಬರಿನಲ್ಲಿ ಅವನ ಪಾಲುದಾರನಾದ. ಆಗ ವಯಸ್ಸು 21. ನ್ಯೂ ಕೋರ್ಟ್ ಶುರುವಾದಾಗ ಇನ್ನೂ 25ರ ಆಸುಪಾಸು. ಇವತ್ತಿನ ಸಂಶೋಧನಾ ವಿದ್ಯಾರ್ಥಿಗಳ ವಯಸ್ಸು.

ಗೋಡೆಯ ಮೇಲೆ ನಾಲ್ಕಕ್ಷರ ಕೆತ್ತಿಸಿಕೊಳ್ಳುವ ಅವಕಾಶ ಅವನಿಗಿರಲಿಲ್ಲ. ಸೇತುವೆಗೆ ಬಂದ ಹೆಸರು ವೆನಿಸ್‌ನದು, ಅದನ್ನು ಹಬ್ಬಿಸಿದವನು ಬೈರನ್, ಪಕ್ಕದ ಸೇತುವೆ ರೆನ್ ಹೆಸರಿನಲ್ಲಿದೆ, ಕಟ್ಟಡಕ್ಕೆ ಮೊದಲು ಬರುವ ಹೆಸರು ರಿಕ್‌ಮನ್‌ನದು. ಹಚಿನ್ಸನ್ ಹುಟ್ಟಿದ್ದು 1800ರ ಅಕ್ಟೋಬರ್ 16ರಂದು. ಸೇತುವೆ ಮುಗಿದ ವರ್ಷವೇ, 1831ರ ನವೆಂಬರ್ 22ರಂದು ತೀರಿಕೊಂಡ. ಮೂವತ್ತೊಂದು ತುಂಬಿ ಐದು ವಾರ ಆಗಿತ್ತು.